ಪೂಜೊ 306 ಕಾರಿನ ಹಿಂದಿನ ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲುವುದೇಕೆ?

ಕಾರಣ ಹಿಂದಿನ ಆಕ್ಸಲ್ ಟ್ಯೂಬಿನ (ಹಿಂದಿನ ಚಕ್ರಗಳ ನಡುವಿನ ಅಡ್ಡ ಕೊಳವೆ) ಒಳಗಿನ, ತೆಳು ಉರುಳೆಗಳಿರುವ ಸೂಜಿ ಬೇರಿಂಗ್‌ಗಳು. ಈ ಕಾರಿನ ಹಿಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಅಡ್ಡಲಾಗಿ ಕೂತ, ತಿರುಚಿಕೊಂಡು ಭಾರ ತಡೆಯುವ ಉಕ್ಕಿನ ಸರಳುಗಳಾದ ಟಾರ್ಷನ್ ಬಾರ್‌ಗಳೇ ಸ್ಪ್ರಿಂಗ್. ಜಾಗ ಉಳಿಸುವ, ನಿಜಕ್ಕೂ ಸೊಗಸಾದ ವಿನ್ಯಾಸ. ಆದರೆ ಸೀಲ್ ಸವೆದರೆ ನೀರು ಒಳಹೊಕ್ಕು ಗ್ರೀಸ್ ಕೆಡುತ್ತದೆ, ಬೇರಿಂಗ್ ತುಕ್ಕು ಹಿಡಿದು, ಚಕ್ರವನ್ನು ಹೊತ್ತ ತೋಳಾದ ಟ್ರೇಲಿಂಗ್ ಆರ್ಮ್‌ನ ಶಾಫ್ಟನ್ನು ಕೊರೆಯುತ್ತದೆ. ಆಗ ಚಕ್ರ ವಾಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ, ಗುಂಡಿಗಿಳಿದಾಗ ಕಿರುಗುಟ್ಟುತ್ತದೆ.

ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಟ್ರೇಲಿಂಗ್ ಆರ್ಮ್ ಕೂಡ ಅಲುಗಿದರೆ ದೋಷ ಇಲ್ಲೇ. ಚಕ್ರ ಮಾತ್ರ ಅಲುಗಿದರೆ ಚಕ್ರದ ನಡುವಿನ ಹಬ್ ಬೇರಿಂಗ್ ನೋಡಿ.

ಬೇಗ ಹಿಡಿದರೆ ಬೇರಿಂಗ್, ಸೀಲ್ ಬದಲಿಸಿದರೆ ಸಾಕು. ಶಾಫ್ಟಿನಲ್ಲಿ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಹೊಸ ಬೇರಿಂಗೂ ಹಾಳಾಗುತ್ತದೆ. ಟ್ಯೂಬೇ ಸವೆದಿದ್ದರೆ ಇಡೀ ಆಕ್ಸಲ್ ಬದಲಿಸಬೇಕು. ಟಾರ್ಷನ್ ಬಾರ್ ಬಿಚ್ಚುವ ಮೊದಲು ಅದರ ತುದಿಯ ಹಲ್ಲುಗಳಾದ ಸ್ಪ್ಲೈನ್‌ಗಳ ಸ್ಥಾನವನ್ನು ತಪ್ಪದೆ ಗುರುತಿಸಿ. ಒಂದು ಹಲ್ಲು ಆಚೀಚೆಯಾದರೂ ಕಾರಿನ ಎತ್ತರ ಬದಲಾಗುತ್ತದೆ.