ಹೆಲ್ಡನ್ ಅಂದರೆ ಯಾರು?

ಪ್ರಶ್ನೆ: ಸರ್, ಸೋದರಮಾವ ಕೊಟ್ಟ ಪೆನ್‌ಡ್ರೈವ್‌ನಲ್ಲಿ ‘ಹೆಲ್ಡನ್’ ಅಂತ ಒಂದು ಫೋಲ್ಡರ್ ಇತ್ತು. ಹಾಡೇ ಇಲ್ಲ, ಬರೀ ಗುಂಯ್‌ಗುಡುವ ಸದ್ದು. ಯಾರಿವರು, ಆಮೇಲೆ ಏನಾದರು?
– ಕಾಲೇಜು ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲು ನಿಮ್ಮ ಮಾವನಿಗೊಂದು ನಮಸ್ಕಾರ ಹೇಳಿಬಿಡಿ! ಹೆಲ್ಡನ್ ಎಪ್ಪತ್ತರ ದಶಕದ ಫ್ರೆಂಚ್ ಎಲೆಕ್ಟ್ರಾನಿಕ್ ರಾಕ್ ತಂಡ. ಹೆಲ್ಡನ್ ಅಂದರೆ ಹೆಚ್ಚೂಕಡಿಮೆ ಗಿಟಾರ್ ವಾದಕ ರಿಷಾರ್ ಪಿನಾಸ್. ಪ್ಯಾರಿಸ್‌ನವರು, ಹುಟ್ಟಿದ್ದು 1951ರಲ್ಲಿ. ಓದಿದ್ದು ತತ್ವಶಾಸ್ತ್ರ, ಗುರು ಫ್ರೆಂಚ್ ತತ್ವಜ್ಞಾನಿ ಜಿಲ್ ಡೆಲೂಝ್. ಹೆಲ್ಡನ್‌ನ 1974ರ ಮೊದಲ ಆಲ್ಬಮ್ಮಿನಲ್ಲಿ ಆ ಗುರುಗಳೇ ಜರ್ಮನ್ ತತ್ವಜ್ಞಾನಿ ನೀಚೆಯ ಸಾಲುಗಳನ್ನು ಓದಿದ್ದಾರೆ. ನಮ್ಮ ಕಡೆ ಯಾವ ಮೇಷ್ಟ್ರು ಶಿಷ್ಯನ ಗಿಟಾರಿಗೆ ದನಿ ಕೊಟ್ಟಾರು!

ಆ ಗುಂಯ್ ಸದ್ದು ಮೂಗ್ ಸಿಂಥಸೈಜರಿನದು, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯದ್ದು. ಅದರ ಸೀಕ್ವೆನ್ಸರ್‌ನಲ್ಲಿ (ಸ್ವರಗಳನ್ನು ಒಂದಾದ ಮೇಲೊಂದು ತಾನಾಗಿ ನುಡಿಸುವ ಭಾಗ) ಸಾಲಾಗಿ ತಿರುಪುಗಳಿರುತ್ತವೆ. ಒಂದೊಂದು ತಿರುಪು ಒಂದೊಂದು ಸ್ವರದ ವೋಲ್ಟೇಜು. ಸಾಲು ಮುಗಿದರೆ ಮತ್ತೆ ಮೊದಲಿನಿಂದ, ನಮ್ಮೂರ ಹಳೇ ಕಾಟನ್ ಮಿಲ್ಲಿನ ಮಗ್ಗದ ಥರ. ಅದರ ಮೇಲೆ ಫ್ರಾನ್ಸ್ವಾ ಓಜೆ ಡ್ರಮ್ಸ್ ಬಡಿಯುತ್ತಾರೆ, ಪಿನಾಸ್ ಗಿಟಾರ್ ಎಳೆಯುತ್ತಾರೆ. ಮಗ್ಗ ಹದ ತಪ್ಪುವುದಿಲ್ಲ, ಡ್ರಮ್ಮರ್ ಬೇಕೆಂದೇ ತಪ್ಪಿಸುತ್ತಾರೆ. ನನಗೆ ಹಿಡಿಸಿದ್ದೇ ಆ ಜಗಳ.

ಏಳು ಆಲ್ಬಮ್ ಮಾಡಿ 1979ಕ್ಕೆ ಹೆಲ್ಡನ್ ಆಟ ಮುಗಿಸಿದರು. ಪಿನಾಸ್ ಒಂಟಿಯಾಗಿಯೂ ಕೆಲವು ಆಲ್ಬಮ್ ತಂದರು. ಎಂಬತ್ತರ ದಶಕದಲ್ಲಿ ವರ್ಷಗಟ್ಟಲೆ ಸಂಗೀತವನ್ನೇ ಬಿಟ್ಟಿದ್ದರು. ತೊಂಬತ್ತರ ದಶಕದಲ್ಲಿ ವಾಪಸು ಬಂದರು. ಮುಂದೆ ಕರ್ಕಶ ಸದ್ದನ್ನೇ ಸಂಗೀತ ಮಾಡುವ ಜಪಾನಿನ ಮೆರ್ಜ್‌ಬೌ ಜೊತೆಗೂ ನುಡಿಸಿದರು. ಅದು ಮಾತ್ರ ಗಟ್ಟಿ ಕಿವಿಯವರಿಗೆ.

ನೀವು 1977ರ ‘ಇಂಟರ್‌ಫೇಸ್’ನಿಂದ ಶುರುಮಾಡಿ. ಹೆಡ್‌ಫೋನ್ ಹಾಕಿಕೊಳ್ಳಿ, ಮನೆಯವರ ಬೈಗುಳವೂ ತಪ್ಪುತ್ತದೆ.