ಬಂಡೆ ಹಿಡಿಯುವ ಬಲೆ ಬಾಗುವುದೇಕೆ?

ಪ್ರಶ್ನೆ: ಗುಡ್ಡದಿಂದ ಉರುಳುವ ಬಂಡೆ ಹೆದ್ದಾರಿಗೆ ಬೀಳದಂತೆ ಉಕ್ಕಿನ ಬಲೆಯ ಬೇಲಿ ಹಾಕುತ್ತಾರೆ. ಮುಟ್ಟಿದರೆ ಅಲುಗಾಡುವ ಈ ಬಲೆಗಿಂತ ಕಾಂಕ್ರೀಟ್ ಗೋಡೆ ಭದ್ರವಲ್ಲವೇ?

ಉತ್ತರ: ಒಂದು ಲೆಕ್ಕ ಹಾಕಿ ನೋಡೋಣ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕಿಲೋ ತೂಗುತ್ತದೆ. ಅದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಸುಮಾರು 840 ಕಿಲೋಜೌಲ್. ಗೋಡೆ ಅದನ್ನು 10 ಸೆಂ.ಮೀ. ಒಳಗೆ ನಿಲ್ಲಿಸಬೇಕೆಂದರೆ ಸರಾಸರಿ 8,400 ಕಿಲೋನ್ಯೂಟನ್ ಬಲವನ್ನು ತಡೆದುಕೊಳ್ಳಬೇಕು. ಬಲೆ 5 ಮೀಟರ್ ಹಿಗ್ಗಿ ನಿಲ್ಲಿಸಿದರೆ 170 ಕಿಲೋನ್ಯೂಟನ್ ಸಾಕು. ಬಲೆ ಬಾಗುವುದು ಇದಕ್ಕಾಗಿಯೇ.

ಸಾಮಾನ್ಯವಾಗಿ ಕಂಬಗಳನ್ನು 8ರಿಂದ 12 ಮೀಟರ್ ಅಂತರದಲ್ಲಿ ನಿಲ್ಲಿಸುತ್ತಾರೆ. ಅನೇಕ ವಿನ್ಯಾಸಗಳಲ್ಲಿ ಕಂಬದ ಬುಡಕ್ಕೆ ಕೀಲು ಇರುತ್ತದೆ. ಮೇಲೆ ಕೆಳಗೆ ಓಡುವ ತಂತಿಹಗ್ಗಗಳಿಗೆ ಉಕ್ಕಿನ ಬಳೆಗಳನ್ನು ಒಂದಕ್ಕೊಂದು ಕೋದ ಬಲೆ ತೂಗುತ್ತದೆ. ಹಗ್ಗಗಳು ಬಂಡೆಯೊಳಗೆ ಕೊರೆದು ಸಿಮೆಂಟ್ ತುಂಬಿದ ಆಂಕರ್‌ಗಳಿಗೆ ಸೇರುತ್ತವೆ. ನಡುವೆ ಇರುವ ಬ್ರೇಕ್, ಎಳೆತ ಒಂದು ಮಿತಿ ದಾಟಿದಾಗ ಹಿಗ್ಗಿ ಶಕ್ತಿಯನ್ನು ಹೀರುತ್ತದೆ. ಒಮ್ಮೆ ಹಿಗ್ಗಿದ ಬ್ರೇಕನ್ನು ಬದಲಿಸಲೇಬೇಕು. ಹೊರಗಿನಿಂದ ಸರಿಯಾಗಿ ಕಂಡರೂ ಅದರಲ್ಲಿ ಮೊದಲಿನಷ್ಟು ಹಿಗ್ಗುವ ಉದ್ದ ಉಳಿದಿರುವುದಿಲ್ಲ.

ಪ್ರಶ್ನೆ: ಬೇಲಿ ಇದ್ದರೂ ರಸ್ತೆಗೆ ಕಲ್ಲು ಬರುತ್ತಿದೆ. ತಪ್ಪೆಲ್ಲಿ?

ಉತ್ತರ: ಮೊದಲು ಬೇಲಿಗೂ ರಸ್ತೆಗೂ ಇರುವ ಅಂತರ ಅಳೆಯಿರಿ. 5 ಮೀಟರ್ ಹಿಗ್ಗುವ ಬಲೆಯನ್ನು ರಸ್ತೆಯಂಚಿನಿಂದ 2 ಮೀಟರ್ ದೂರಕ್ಕೆ ನೆಟ್ಟರೆ ಬಂಡೆ ಬಲೆಯೊಳಗೇ ಸಿಕ್ಕಿಕೊಂಡು ವಾಹನಕ್ಕೆ ಬಡಿಯುತ್ತದೆ. ನಾವು ಕಂಡಂತೆ ವಿನ್ಯಾಸದಲ್ಲಿ ಬಲು ಸುಲಭವಾಗಿ ಮರೆಯುವ ಸಂಗತಿ ಇದು. ಚೂರುಗಲ್ಲುಗಳು ಬಳೆಗಳ ನಡುವಿನಿಂದ ನುಸುಳುತ್ತಿದ್ದರೆ ಗುಡ್ಡದ ಕಡೆಗೆ ಸಣ್ಣ ಕಣ್ಣಿನ ಜಾಲರಿಯೊಂದನ್ನು ಸೇರಿಸಬೇಕು. ಬಲೆಯ ಕೆಳಗೆ ಮಳೆನೀರು ಮಣ್ಣು ಕೊರೆದು ಕಿಂಡಿ ಮಾಡಿದೆಯೇ ಎಂಬುದನ್ನೂ ನೋಡಿ.

ಕಲ್ಲು ತುಂಬಿ ನಿಂತ ಬಲೆಯ ಎತ್ತರ ಕುಗ್ಗುತ್ತದೆ. ಮುಂದಿನ ಬಂಡೆ ಮೇಲಿಂದ ಪುಟಿದು ದಾಟುತ್ತದೆ. ಹೀಗಾಗಿ ಪ್ರತಿ ಜೋರು ಮಳೆಯ ನಂತರ ತಪಾಸಣೆ ಬೇಕು. ಕಲ್ಲು ತೆಗೆಯುವಾಗ ಸಂಚಾರ ನಿಲ್ಲಿಸಿ. ಬಲೆಯ ಮೇಲೆ ಭಾರ ಇರುವಾಗ ಹಗ್ಗ ಸಡಿಲಿಸಬೇಡಿ, ಬಲೆಯ ಕೆಳಗೆ ಯಾರೂ ನಿಲ್ಲಬಾರದು. ಹಗ್ಗದ ಕ್ಲಿಪ್‌ಗಳನ್ನೂ ಪರೀಕ್ಷಿಸಿ: ಯು-ಬೋಲ್ಟ್ ಮಡಚಿದ ತುದಿಯ ಮೇಲೆ, ಅದರ ತಳಪಟ್ಟಿ ಭಾರ ಹೊರುವ ಹಗ್ಗದ ಮೇಲೆ ಕೂರಬೇಕು. ತಿರುಗಾಮುರುಗಾ ಹಾಕಿದ್ದರೆ ಭಾರ ಹೊರುವ ಹಗ್ಗವೇ ಜಜ್ಜಿಹೋಗುತ್ತದೆ.

ಪ್ರಶ್ನೆ: '1,000 ಕಿಲೋಜೌಲ್ ಬೇಲಿ' ಎಂದರೆ ಅಷ್ಟು ಶಕ್ತಿಯ ಹೊಡೆತವನ್ನು ಎಷ್ಟು ಸಲ ತಡೆಯುತ್ತದೆ?

ಉತ್ತರ: ಯುರೋಪಿನ ಪರೀಕ್ಷಾ ವಿಧಾನದ ಪ್ರಕಾರ ಒಂದೇ ಸಲ. ಅದರ ಮೂರನೇ ಒಂದರಷ್ಟು ಶಕ್ತಿಯ ಹೊಡೆತವನ್ನಾದರೆ ನಡುವೆ ದುರಸ್ತಿಯಿಲ್ಲದೆ ಎರಡು ಸಲ ತಡೆಯಬೇಕು. ಮೇಲಿಂದ ಮೇಲೆ ಬಂಡೆ ಉರುಳುವ ಇಳಿಜಾರಿಗೆ ಬೇಲಿ ಆರಿಸುವಾಗ ಈ ಎರಡನೆಯ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.