ಬೋರ್ ಕೊಡುವುದಕ್ಕಿಂತ ಹೆಚ್ಚು ಎಳೆಯುವ ಮೋಟಾರ್: ಗಳಿಗೆಗೊಮ್ಮೆ ಆನ್ ಆಫ್ ಆಗುವುದಕ್ಕೆ ಪರಿಹಾರ

ಯಲಬುರ್ಗಾ ಕಡೆಯ ಅಣ್ಣನವರ ಪ್ರಶ್ನೆ ಇದು: 420 ಅಡಿ ಬೋರ್, 330 ಅಡಿಗೆ ಇಳಿಸಿದ 7.5 ಎಚ್‌ಪಿ ಮೋಟಾರ್, ಐದು ಎಕರೆ ದಾಳಿಂಬೆ. ಮೋಟಾರ್ ಮೂರು ನಿಮಿಷ ಓಡುತ್ತದೆ, ಪೈಪ್ ಗಾಳಿ ಉಗುಳುತ್ತದೆ, ನೀರಿಲ್ಲದೆ ಓಡದಂತೆ ಕಾಯುವ ಡ್ರೈ ರನ್ ಸಾಧನ ಅದನ್ನು ನಿಲ್ಲಿಸುತ್ತದೆ, ಮೂರು ನಿಮಿಷ ಬಿಟ್ಟು ಮತ್ತೆ ತಾನೇ ಹೊರಡುತ್ತದೆ. ಒಂದೇ ವರ್ಷದಲ್ಲಿ ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುರುಳಿ) ಸುಟ್ಟು ಎರಡು ಸಲ ರಿವೈಂಡಿಂಗ್ ಆಗಿದೆ. ಅಂಗಡಿಯವರು 10 ಎಚ್‌ಪಿ ಹಾಕಿ ಎನ್ನುತ್ತಿದ್ದಾರೆ, ಹಾಕಲೇ?

ದಯವಿಟ್ಟು ಹಾಕಬೇಡಿ. ನಾನು ಕುಷ್ಟಗಿ ತಾಲ್ಲೂಕಿನವನು, ನನ್ನದೂ ದಾಳಿಂಬೆ ತೋಟವೇ. ಇದೇ ಸಂಕಟದಲ್ಲಿ ಎರಡು ಬೇಸಿಗೆ ವೋಲ್ಟೇಜನ್ನು ದೂರಿದೆ. ತಪ್ಪು ವೋಲ್ಟೇಜಿನದಾಗಿರಲಿಲ್ಲ, ಮೋಟಾರಿನ ಗಾತ್ರದ್ದಾಗಿತ್ತು. ನಮ್ಮದು ಕಗ್ಗಲ್ಲಿನ ನೆಲ. ಬಿರುಕುಗಳಿಂದ ಎಷ್ಟು ಜಿನುಗುತ್ತದೆಯೋ ಅಷ್ಟೇ ನೀರು. ಎಚ್‌ಪಿ ಏರಿಸಿದರೆ ಬಿರುಕು ಅಗಲವಾಗುವುದಿಲ್ಲ, ಬೋರ್ ಇನ್ನೂ ಬೇಗ ಖಾಲಿಯಾಗುತ್ತದೆ.

ಲೆಕ್ಕ ಹಾಕಿ ನೋಡಿ. ಮೂರು ನಿಮಿಷ ಓಟ, ಮೂರು ನಿಮಿಷ ಬಿಡುವು ಎಂದರೆ ಏಳು ಗಂಟೆಯ ತ್ರೀ ಫೇಸ್‌ನಲ್ಲಿ 70 ಸಲ ಸ್ಟಾರ್ಟ್. ಪ್ರತಿ ಸ್ಟಾರ್ಟ್‌ನಲ್ಲಿ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಶಾಖವೆಲ್ಲ ವೈಂಡಿಂಗ್‌ನಲ್ಲಿ ಸೇರುತ್ತದೆ, ಅದು ಆರಬೇಕಾದರೆ ಮೋಟಾರಿನ ಮೈಮೇಲೆ ನೀರು ಹರಿಯುತ್ತಿರಬೇಕು. ನಿಮ್ಮಲ್ಲಿ ಆರುವ ಮೊದಲೇ ನೀರು ಮುಗಿಯುತ್ತದೆ. ಜೊತೆಗೆ ಪ್ರತಿ ಸಲದ ಜಗ್ಗಾಟಕ್ಕೆ ಮೋಟಾರನ್ನು ಹೊತ್ತು ನೀರು ಮೇಲೆ ತರುವ ಕಾಲಂ ಪೈಪಿನ ಜೋಡಣೆ ಸಡಿಲವಾಗುತ್ತದೆ, ಕೇಬಲ್ ಬಂಡೆಗೆ ಉಜ್ಜುತ್ತದೆ, ಮಟ್ಟ ಥಟ್ಟನೆ ಕುಸಿದಾಗ ಸಣ್ಣ ಮರಳು ಎದ್ದು ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆಸುತ್ತದೆ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್‌ಗೂ ಇದೇ ರೋಗ ತಗಲುತ್ತದೆ. ಮನೆಗೆ ಬೇಕಾದುದಕ್ಕಿಂತ ದೊಡ್ಡ ಬಾಯ್ಲರ್ ಕೂರಿಸಿದರೆ ಸ್ವಲ್ಪ ಹೊತ್ತು ಉರಿದು ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಅವರು ಉರಿಯನ್ನು ತಗ್ಗಿಸುತ್ತಾರೆ, ಬಿಡುವನ್ನು ಹಿಗ್ಗಿಸುತ್ತಾರೆ, ಬಿಸಿನೀರನ್ನು ಕೂಡಿಡಲು ಟ್ಯಾಂಕ್ ಸೇರಿಸುತ್ತಾರೆ. ನಮ್ಮ ದಾರಿಯೂ ಅದೇ.

ಮೊದಲು ಬೋರಿನ ನಿಜವಾದ ಇಳುವರಿ ತಿಳಿಯಿರಿ. ಬೋರ್ ಕೊರೆದವರು ಹೇಳಿದ ಇಂಚನ್ನು ನಂಬಿ ಕೂರಬೇಡಿ. ಆ ಇಂಚು V ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರದ ಅಳತೆ, ನೇರ ಲೆಕ್ಕವಲ್ಲ. ಮೂರು ಇಂಚು ಎಂದರೆ ಗಂಟೆಗೆ ಸುಮಾರು 7,900 ಲೀಟರ್, ಎರಡು ಇಂಚು ಎಂದರೆ 2,900 ಮಾತ್ರ. ಬೇಸಿಗೆಯಲ್ಲಿ ಒಂದೇ ಇಂಚು ಕಡಿಮೆಯಾಯಿತು ಎನ್ನುತ್ತೇವೆ, ನೀರು ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. 200 ಲೀಟರ್ ಡ್ರಮ್ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 72 ಸೆಕೆಂಡ್ ಆದರೆ ಪಂಪ್ ಗಂಟೆಗೆ 10,000 ಲೀಟರ್ ಎತ್ತುತ್ತಿದೆ. ಈಗಿನಂತೆ ಗಂಟೆಯಲ್ಲಿ ಅರ್ಧ ಹೊತ್ತು ಮಾತ್ರ ಓಡುತ್ತಿದ್ದರೆ ಬೋರ್ ಕೊಡುತ್ತಿರುವುದು 5,000.

ಇನ್ನು ಡೆಲಿವರಿಯಲ್ಲಿ, ಅಂದರೆ ಬೋರಿನಿಂದ ಹೊರಬರುವ ಪೈಪಿನಲ್ಲಿ, ಗೇಟ್ ವಾಲ್ವ್ ಕೂರಿಸಿ, ಅದರ ಮೊದಲು ಒಂದು ಪ್ರೆಶರ್ ಗೇಜ್. ವಾಲ್ವನ್ನು ಅರ್ಧ ಸುತ್ತು ಮುಚ್ಚಿ, ಕಾಲು ಗಂಟೆ ಕಾಯಿರಿ, ಮತ್ತೆ ಅರ್ಧ ಸುತ್ತು. ಡ್ರಮ್ ತುಂಬಲು 160 ಸೆಕೆಂಡ್ ಹಿಡಿದರೆ 4,500 ಲೀಟರಿಗೆ ಬಂದಿದ್ದೀರಿ, ಅಂದರೆ ಇಳುವರಿಗಿಂತ ತುಸು ಕೆಳಗೆ. ಎರಡು ಗಂಟೆ ಗಾಳಿ ಉಗುಳದೆ ಓಡಿದರೆ ಅಲ್ಲಿಗೆ ನಿಲ್ಲಿಸಿ, ಯಾರೂ ತಿರುಗಿಸದಂತೆ ವಾಲ್ವಿನ ಚಕ್ರವನ್ನೇ ಬಿಚ್ಚಿಡಿ. ವಾಲ್ವ್ ಮುಚ್ಚಿದರೆ ಮೋಟಾರಿಗೆ ಭಾರವಾಗುತ್ತದೆ ಎಂದು ಹಲವರು ಹೆದರುತ್ತಾರೆ. ನಮ್ಮ ಸಾಮಾನ್ಯ ಸಬ್‌ಮರ್ಸಿಬಲ್ ಪಂಪ್‌ಗಳಲ್ಲಿ ಆಗುವುದು ತಿರುಗುಮುರುಗು: ನೀರು ಕಡಿಮೆಯಾದಂತೆ ಆಂಪಿಯರ್ ಇಳಿಯುತ್ತದೆ. ಹೆದರಬೇಕಾದದ್ದು ಒತ್ತಡಕ್ಕೆ. ಪೈಪಿನ ಮೇಲೆ ಬರೆದ ಒತ್ತಡದ ದರ್ಜೆಯನ್ನು ಮೀರುವಷ್ಟು ಬಿಗಿಯಬೇಡಿ, ಪೂರ್ತಿಯಾಗಿಯಂತೂ ಎಂದೂ ಮುಚ್ಚಬೇಡಿ, ಹರಿವಿಲ್ಲದಿದ್ದರೆ ಮೋಟಾರ್ ಬೇಯುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಡ್ರೈ ರನ್ ಸಾಧನ ಕೆಲಸ ಮಾಡುವುದು ಆಂಪಿಯರ್ ಇಳಿದದ್ದನ್ನು ನೋಡಿ. ವಾಲ್ವ್ ಬಿಗಿದ ಮೇಲೆ ಆಂಪಿಯರ್ ಹೇಗೂ ಇಳಿದಿರುತ್ತದೆ, ಆದ್ದರಿಂದ ಹಳೆಯ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ನೀರಿದ್ದರೂ ನಿಲ್ಲಿಸುತ್ತದೆ. ಹೊಸ ಆಂಪಿಯರ್ ಬರೆದುಕೊಂಡು, ಗಾಳಿ ಎಳೆದಾಗ ಎಷ್ಟಕ್ಕೆ ಬೀಳುತ್ತದೆ ಎಂದು ನೋಡಿ, ಇವೆರಡರ ನಡುವೆ ಹೊಂದಿಸಿ. ಮತ್ತೆ ಹೊರಡುವ ಸಮಯವನ್ನು ಮೂರು ನಿಮಿಷದಿಂದ 45 ನಿಮಿಷಕ್ಕೆ ಏರಿಸಿ.

ಬಿಡುವು ಹೆಚ್ಚಿಸಿದರೆ ದಿನದ ನೀರು ಕಡಿಮೆಯಾಗುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಬಿಡುವನ್ನಷ್ಟೇ ಹೆಚ್ಚಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಬೋರಿನಲ್ಲಿ ನೀರು ಕೆಳಗಿದ್ದಷ್ಟೂ ಬಿರುಕುಗಳಿಂದ ಜೋರಾಗಿ ಬರುತ್ತದೆ, ಮೇಲೇರಿದಂತೆ ಒಳಹರಿವು ಮಂದವಾಗುತ್ತದೆ. ಅದಕ್ಕೇ ವಾಲ್ವ್ ಹೊಂದಿಸಿ ನಿಲ್ಲದಂತೆ ಓಡಿಸಿ ಎಂದು ಒತ್ತಿ ಹೇಳುತ್ತಿದ್ದೇನೆ. ಆಗ ಮಟ್ಟ ಕೆಳಗೇ ನಿಲ್ಲುತ್ತದೆ, ಹೆಚ್ಚುಕಡಿಮೆ ಅಷ್ಟೇ ನೀರು ಒಂದೇ ಸ್ಟಾರ್ಟ್‌ನಲ್ಲಿ ಸಿಗುತ್ತದೆ. ಡ್ರಿಪ್‌ಗೆ ಈ ಹರಿವು ಸಾಲದಿದ್ದರೆ ತೋಟದ ಒಂದೊಂದು ಭಾಗಕ್ಕೆ ನೀರು ಬಿಡುವ ಗೇಟುಗಳಲ್ಲಿ ಒಮ್ಮೆಗೆ ತೆರೆಯುವವನ್ನು ಕಡಿಮೆ ಮಾಡಿ. ಕೃಷಿ ಹೊಂಡ ಇದ್ದವರು ಬೋರಿನ ನೀರನ್ನು ಹೊಂಡಕ್ಕೆ ಬಿಟ್ಟು, ಅಲ್ಲಿಂದ ಸಣ್ಣ ಪಂಪ್‌ನಲ್ಲಿ ಡ್ರಿಪ್‌ಗೆ ಕೊಡಲಿ. ಅದಕ್ಕಿಂತ ನೆಮ್ಮದಿಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ವಾಲ್ವ್ ತಾತ್ಕಾಲಿಕ ಮದ್ದು. ಮುಂದೆ ಎಂದಾದರೂ ಮೋಟಾರ್ ಮೇಲೆ ತೆಗೆದಾಗ 5 ಎಚ್‌ಪಿಗೆ ಇಳಿಯಿರಿ. ಕೆಲವರು ಇದ್ದ ಪಂಪಿನಲ್ಲೇ ಎರಡು ಸ್ಟೇಜ್ (ಒಂದರ ಮೇಲೊಂದು ಕೂರಿಸಿದ ಇಂಪೆಲ್ಲರ್ ಹಂತ) ತೆಗೆಸಿ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಸ್ಟೇಜ್ ತೆಗೆದರೆ ಎತ್ತುವ ಎತ್ತರವೇ ತಗ್ಗುತ್ತದೆ, ಏಪ್ರಿಲ್‌ನಲ್ಲಿ ನೀರು ಆಳಕ್ಕೆ ಇಳಿದಾಗ ಕೈಕೊಡುತ್ತದೆ. ಎತ್ತರ ಅಷ್ಟೇ ಇದ್ದು ಹರಿವು ಕಡಿಮೆ ಇರುವ ಪಂಪ್ ಕೇಳಿ. ಮೋಟಾರಿನ ವೇಗ ತಗ್ಗಿಸುವ ವಿಎಫ್‌ಡಿ ಸಾಧನ ಹಾಕುವವರಿಗೂ ಇದೇ ಎಚ್ಚರಿಕೆ: 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ಎತ್ತರ ಶೇ. 64ಕ್ಕೆ ಬೀಳುತ್ತದೆ, ಆಳದ ಬೋರಿನಲ್ಲಿ ನೀರು ಮೇಲೆ ಬರುವುದೇ ಇಲ್ಲ.

ಅಣ್ಣನವರೇ, ನಾಳೆ ಕರೆಂಟ್ ಬಂದಾಗ ಡ್ರಮ್ ತುಂಬುವ ಸೆಕೆಂಡ್, ಓಡುವಾಗಿನ ಆಂಪಿಯರ್, ಕಾಲಂ ಪೈಪಿನ ಮೇಲಿರುವ ದರ್ಜೆ ಈ ಮೂರನ್ನು ಇಲ್ಲೇ ಬರೆಯಿರಿ. ಒತ್ತಡ ಎಷ್ಟರವರೆಗೆ ಏರಿಸಬಹುದು ಎಂಬುದನ್ನು ಲೆಕ್ಕ ಹಾಕಿ ತಿಳಿಸುತ್ತೇನೆ. ಅಲ್ಲಿಯವರೆಗೆ ಆಟೋ ಸ್ಟಾರ್ಟರ್ ಬಂದ್ ಮಾಡಿ, ಕೈಯಿಂದಲೇ ಹಾಕಿ.